ನೂರರಲ್ಲಿ ಯಾವುದಕ್ಕೆ ಎಷ್ಟು ಪಾಲು: ನಮ್ಮ ವಿಶ್ವವಿದ್ಯಾಲಯದ ಎಫರ್ಟ್ ಸರ್ಟಿಫಿಕೇಶನ್ ವ್ಯವಸ್ಥೆಯ ವಿಮರ್ಶೆ

ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಜೀವವಿಜ್ಞಾನ ವಿಭಾಗದಲ್ಲಿ ನಾನು ಸಂಶೋಧನಾ ಗ್ರಾಂಟುಗಳ, ಅಂದರೆ ಸಂಶೋಧನೆಗೆ ಸಿಗುವ ಧನಸಹಾಯದ, ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಈ ಕೆಲಸಕ್ಕೆ ಸೇರಿ 11 ವರ್ಷಗಳಾದವು. ವರ್ಷಕ್ಕೆ ಎರಡು ಬಾರಿ ನಮ್ಮ ವಿಭಾಗದ ಪ್ರಾಧ್ಯಾಪಕರು, ಪಿಎಚ್‌ಡಿ ಮುಗಿಸಿ ಸಂಶೋಧನೆ ಮಾಡುವ ಪೋಸ್ಟ್‌ಡಾಕ್‌ಗಳು ಮತ್ತು ಪ್ರಯೋಗಾಲಯದ ಸಿಬ್ಬಂದಿ, ಕಳೆದ ಆರು ತಿಂಗಳಲ್ಲಿ ತಮ್ಮ ದುಡಿಮೆಯ ಎಷ್ಟು ಪಾಲು ಯಾವ ಗ್ರಾಂಟಿಗೆ ಸಂದಿತು ಎಂಬುದನ್ನು ಒಂದು ಆನ್‌ಲೈನ್ ವ್ಯವಸ್ಥೆಯಲ್ಲಿ ದೃಢೀಕರಿಸಬೇಕು. ಇದಕ್ಕೇ ಎಫರ್ಟ್ ಸರ್ಟಿಫಿಕೇಶನ್ ಎನ್ನುತ್ತಾರೆ. ಎಲ್ಲರೂ ರುಜು ಹಾಕುವವರೆಗೆ ಬೆನ್ನು ಬೀಳುವುದು ನನ್ನ ಪಾಲಿನ ಕೆಲಸ. ನಮ್ಮ ಕಡೆಯಿಂದ ಇಲ್ಲಿಗೆ ಪೋಸ್ಟ್‌ಡಾಕ್ ಆಗಿ ಬರುವವರು ಈ ಕುರಿತ ಮೊದಲ ಇಮೇಲ್ ನೋಡಿ ಗಾಬರಿಯಾಗುವುದನ್ನು ಹಲವು ಬಾರಿ ಕಂಡಿರುವುದರಿಂದ, ಬಳಸಿದವಳ ಅನುಭವದಿಂದಲೇ ಈ ವಿಮರ್ಶೆ ಬರೆಯುತ್ತಿದ್ದೇನೆ.

ವ್ಯವಸ್ಥೆ ಏನನ್ನು ಕೇಳುತ್ತದೆ ಎಂಬುದು ತಿಳಿಯದೆ ಅದರ ಗುಣದೋಷಗಳನ್ನು ಹೇಳಿದರೆ ಪ್ರಯೋಜನವಿಲ್ಲ. ನನ್ನ ತಂದೆ ಲೋಕೋಪಯೋಗಿ ಇಲಾಖೆಯಲ್ಲಿ ಗುಮಾಸ್ತರಾಗಿದ್ದರು. ಮಸ್ಟರ್ ರೋಲಿನಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂದು ಗುರುತು ಹಾಕುವುದನ್ನು ನೋಡಿ ಬೆಳೆದ ನನಗೂ ಮೊದಲ ವರ್ಷ ಇದು ಹಾಜರಿ ಪುಸ್ತಕದ ಇನ್ನೊಂದು ರೂಪವೆಂದೇ ತೋರಿತ್ತು. ಹಾಗಲ್ಲ. ಇಲ್ಲಿ ಗಂಟೆಗಳ ಲೆಕ್ಕವೇ ಇಲ್ಲ. ಒಬ್ಬ ವ್ಯಕ್ತಿ ವಿಶ್ವವಿದ್ಯಾಲಯದ ಸಂಬಳಕ್ಕೆ ಪ್ರತಿಯಾಗಿ ಮಾಡುವ ಒಟ್ಟು ಕೆಲಸವೇ 100. ಆ ನೂರರಲ್ಲಿ ಬೋಧನೆಗೆ ಎಷ್ಟು, ಆಡಳಿತಕ್ಕೆ ಎಷ್ಟು, ಪ್ರತಿಯೊಂದು ಗ್ರಾಂಟಿಗೆ ಎಷ್ಟು ಎಂಬುದಷ್ಟೇ ಪ್ರಶ್ನೆ. ಎರಡು ವರ್ಷಗಳ ಹಿಂದೆ ದಾವಣಗೆರೆ ಕಡೆಯ ಹುಡುಗಿಯೊಬ್ಬಳು ನನ್ನ ಕೋಣೆಗೆ ಬಂದು, "ಅಕ್ಕಾ, ನಾನು ವಾರಕ್ಕೆ 60 ಗಂಟೆ ಲ್ಯಾಬಲ್ಲೇ ಇರ್ತೀನಿ, 150 ಅಂತ ಹಾಕ್ಬಹುದಾ?" ಎಂದು ಕೇಳಿದಳು. ವಾರಕ್ಕೆ 60 ಗಂಟೆ ದುಡಿದರೂ 100, 40 ಗಂಟೆ ದುಡಿದರೂ 100. 60ರಲ್ಲಿ 30 ಗಂಟೆ ಒಂದು ಗ್ರಾಂಟಿಗೆ ಹೋಗಿದ್ದರೆ ಅದು ಶೇ. 50 ಎಂದು ವಿವರಿಸಿದೆ. ಈ ಒಂದು ಮಾತನ್ನು ಪರದೆಯ ಮೇಲ್ಭಾಗದಲ್ಲಿ ದೊಡ್ಡದಾಗಿ ಬರೆದಿದ್ದರೆ ನನಗೆ ಬರುವ ಫೋನುಗಳು ಎಷ್ಟೋ ಕಡಿಮೆಯಾಗುತ್ತಿದ್ದವು. ಅದು ಇರುವುದು ಸಹಾಯ ಪುಟದ ಎಲ್ಲೋ ಒಂದು ಮೂಲೆಯಲ್ಲಿ.

ಈ ದೃಢೀಕರಣಕ್ಕೆ ಆಧಾರವಾಗಿರುವುದು ಫೆಡರಲ್ ಸರ್ಕಾರದ ವೆಚ್ಚ ನಿಯಮಗಳು. ಹಿಂದೆ ಎ-21 ಎಂಬ ಸುತ್ತೋಲೆ ಇತ್ತು. ಅದರ ಜಾಗಕ್ಕೆ ಬಂದ ಯೂನಿಫಾರ್ಮ್ ಗೈಡೆನ್ಸ್ ಎಂಬ ನಿಯಮಾವಳಿ 2013ರ ಡಿಸೆಂಬರ್‌ನಲ್ಲಿ ಪ್ರಕಟವಾಗಿ 2014ರ ಡಿಸೆಂಬರ್ 26ರಿಂದ ಜಾರಿಗೆ ಬಂತು. ಅದರ 200.430ನೇ ಕಲಮಿನ ಪ್ರಕಾರ, ಗ್ರಾಂಟಿನಿಂದ ಕೊಟ್ಟ ಸಂಬಳದ ದಾಖಲೆ ನಿಜವಾಗಿ ನಡೆದ ಕೆಲಸವನ್ನು ತೋರಿಸಬೇಕು. ಮುಂಚಿತವಾಗಿ ಮಾಡಿದ ಬಜೆಟ್ ಅಂದಾಜು ಒಂದೇ ಅದಕ್ಕೆ ಪುರಾವೆಯಾಗದು. ಬೋಧನೆ, ಸಂಶೋಧನೆ, ಸೇವೆ, ಆಡಳಿತಗಳು ವಿಶ್ವವಿದ್ಯಾಲಯದಲ್ಲಿ ಬಿಡಿಸಲಾಗದಂತೆ ಹೆಣೆದುಕೊಂಡಿರುತ್ತವೆ ಎಂಬುದನ್ನೂ, ಒಂದೆರಡು ತಿಂಗಳ ಏರುಪೇರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ ಎಂಬುದನ್ನೂ ಅದೇ ಕಲಮು ಒಪ್ಪಿಕೊಳ್ಳುತ್ತದೆ. ನಿಯಮ ಬರೆದವರಿಗೆ ವಿಶ್ವವಿದ್ಯಾಲಯದ ಬದುಕು ಗೊತ್ತಿತ್ತು ಎಂದೇ ನನ್ನ ಭಾವನೆ. ಅದನ್ನು ಪರದೆಗೆ ಇಳಿಸಿದವರಿಗೆ ಅಷ್ಟು ಗೊತ್ತಿರಲಿಲ್ಲ.

ನನ್ನ ಮುಖ್ಯ ಆಕ್ಷೇಪ ಇದು. ಲಾಗಿನ್ ಆದ ಕೂಡಲೇ ತೆರೆಯುವ ಕೋಷ್ಟಕದಲ್ಲಿ ಪ್ರತಿ ಗ್ರಾಂಟಿನ ಎದುರು, ಸಂಬಳದ ಎಷ್ಟು ಪಾಲು ಅದರಿಂದ ಹೋಯಿತು ಎಂಬ ಶೇಕಡಾವಾರು ಸಂಬಳದ ಖಾತೆಯಿಂದ ಬಂದು ಮೊದಲೇ ತುಂಬಿರುತ್ತದೆ. ಅದರ ಪಕ್ಕದ ದೃಢೀಕರಣದ ಅಂಕಣದಲ್ಲಿಯೂ ಅದೇ ಅಂಕಿ ಮೊದಲೇ ಕೂತಿರುತ್ತದೆ. ಕೆಳಗೆ ಹಸಿರು ಬಣ್ಣದ ಒಂದು ಗುಂಡಿ. ಸಂಬಳದ ಹಂಚಿಕೆ ಸರಿಯೇ ಎಂದು ಪರಿಶೀಲಿಸುವುದಕ್ಕಾಗಿಯೇ ಇರುವ ವ್ಯವಸ್ಥೆ, ಆ ಹಂಚಿಕೆಯನ್ನೇ ಉತ್ತರವಾಗಿ ಬರೆದು ಕೈಗಿಡುತ್ತದೆ. ಸಂಬಳದ ಹಂಚಿಕೆಯಾದರೂ ಎಲ್ಲಿಂದ ಬಂತು? ಬಹುಪಾಲು ಆರಂಭದ ಬಜೆಟ್ಟಿನಿಂದ. ಹೀಗಾಗಿ ಅಂದಾಜು ಸಂಬಳವಾಗುತ್ತದೆ, ಸಂಬಳ ದೃಢೀಕರಣವಾಗುತ್ತದೆ, ಮಧ್ಯದಲ್ಲಿ ಯಾರೂ ಕೆಲಸವನ್ನು ನೆನಪಿಸಿಕೊಂಡಿರುವುದಿಲ್ಲ. ನಮ್ಮ ಒಬ್ಬ ಹಿರಿಯ ಪ್ರಾಧ್ಯಾಪಕರು ವಿಮಾನ ಏರುವ ಸಾಲಿನಲ್ಲಿ ನಿಂತು, ಫೋನಿನಲ್ಲೇ ತಮ್ಮ ಲ್ಯಾಬಿನ ಏಳು ಮಂದಿಯ ದೃಢೀಕರಣ ಪತ್ರಗಳಿಗೆ ರುಜು ಹಾಕಿ ಮುಗಿಸಿದ್ದರು. ಆ ಏಳರಲ್ಲಿ ಒಬ್ಬ ತಂತ್ರಜ್ಞ ಮೂರು ತಿಂಗಳ ಹಿಂದೆಯೇ ಬೇರೆ ಪ್ರಾಜೆಕ್ಟಿಗೆ ಹೋಗಿದ್ದ. ಅವನ ಸಂಬಳ ಮಾತ್ರ ಹಳೆಯ ಗ್ರಾಂಟಿನಿಂದಲೇ ಹೋಗುತ್ತಿತ್ತು. ಆ ವಾರ ಬೇರೊಂದು ಬಿಲ್ ಹುಡುಕುವಾಗ ಅಕಸ್ಮಾತ್ ನನ್ನ ಕಣ್ಣಿಗೆ ಬಿದ್ದದ್ದರಿಂದ ಹಣವನ್ನು ಸರಿಯಾದ ಖಾತೆಗೆ ವರ್ಗಾಯಿಸಿ, ಪತ್ರವನ್ನು ಮತ್ತೆ ತೆರೆಸಿ, ಹೊಸದಾಗಿ ರುಜು ಪಡೆದೆವು. ಒಮ್ಮೆ ದೃಢೀಕರಿಸಿದ್ದನ್ನು ಮತ್ತೆ ತೆರೆಸುವುದು ಆಡಿಟ್‌ನವರ ಕಣ್ಣಿಗೆ ಮೊದಲು ಬೀಳುವ ಸಂಗತಿ, ಆದ್ದರಿಂದ ಅದಕ್ಕೆ ಎರಡು ಪುಟಗಳ ಸಮಜಾಯಿಷಿಯನ್ನೂ ಬರೆಯಬೇಕಾಯಿತು.

ಇದು ಬರೀ ಕಾಗದಪತ್ರದ ಗೋಳಲ್ಲ. ಸುಳ್ಳು ದೃಢೀಕರಣವೆಂದು ಸಾಬೀತಾದರೆ ಫಾಲ್ಸ್ ಕ್ಲೇಮ್ಸ್ ಆ್ಯಕ್ಟ್, ಅಂದರೆ ಅಂತರ್ಯುದ್ಧದ ಕಾಲದಲ್ಲಿ ಸೇನೆಗೆ ಕಳಪೆ ಸರಕು ಮಾರಿದವರನ್ನು ಹಿಡಿಯಲು 1863ರಲ್ಲಿ ಬಂದ ಕಾಯ್ದೆ, ನಷ್ಟದ ಮೂರು ಪಟ್ಟು ವಸೂಲಿಗೆ ಅವಕಾಶ ಕೊಡುತ್ತದೆ. 2003ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಸಂಶೋಧಕರ ದುಡಿಮೆಯ ಪಾಲಿಗೆ ಸಂಬಂಧಿಸಿದ ಆರೋಪಗಳ ಇತ್ಯರ್ಥಕ್ಕೆ 55 ಲಕ್ಷ ಡಾಲರ್ ಕೊಟ್ಟಿತು. 2008ರ ಡಿಸೆಂಬರ್‌ನಲ್ಲಿ ಯೇಲ್ 76 ಲಕ್ಷ ಡಾಲರ್ ಕೊಡಲು ಒಪ್ಪಿತು. ಬೇಸಿಗೆಯ ತಿಂಗಳುಗಳ ಪೂರ್ತಿ ಸಂಬಳವನ್ನು ಫೆಡರಲ್ ಗ್ರಾಂಟುಗಳಿಗೆ ಹಚ್ಚಿದ ಕೆಲವು ಸಂಶೋಧಕರು ಆ ಅವಧಿಯಲ್ಲಿ ಬೇರೆ ಕೆಲಸಗಳನ್ನೂ ಮಾಡಿದ್ದರು ಎಂಬುದು ಯೇಲ್ ಮೇಲಿನ ಆರೋಪಗಳಲ್ಲಿ ಒಂದು. ಹೊಸ ಗ್ರಾಂಟಿಗೆ ಅರ್ಜಿ ಬರೆಯುವ ಸಮಯವನ್ನು ಹಳೆಯ ಫೆಡರಲ್ ಗ್ರಾಂಟಿಗೆ ಹಚ್ಚುವಂತಿಲ್ಲ ಎಂದು ಪ್ರಾಧ್ಯಾಪಕರಿಗೆ ನಾನು ನೆನಪಿಸಿದಾಗ ಮುಖ ಸಿಂಡರಿಸುವವರಿಗೆ ಈ ಎರಡು ಮೊತ್ತಗಳನ್ನು ಹೇಳುತ್ತೇನೆ. ಅಲ್ಲಿಗೆ ಮಾತು ಮುಗಿಯುತ್ತದೆ.

ವ್ಯವಸ್ಥೆಯಲ್ಲಿ ನಿಜಕ್ಕೂ ಚೆನ್ನಾಗಿರುವ ಒಂದು ಭಾಗವಿದೆ. ದುರದೃಷ್ಟವಶಾತ್ ಹೆಚ್ಚಿನವರು ತಪ್ಪು ತಿಳಿಯುವುದೂ ಅದನ್ನೇ. ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು, ಅಂದರೆ ಎನ್‌ಐಎಚ್, ಕೊಡುವ ಗ್ರಾಂಟುಗಳಲ್ಲಿ ಸಂಬಳಕ್ಕೆ ಮಿತಿ ಇದೆ. 2025ರಲ್ಲಿ ಅದು ವರ್ಷಕ್ಕೆ 2,25,700 ಡಾಲರ್. 3,00,000 ಡಾಲರ್ ಸಂಬಳದ ಪ್ರಾಧ್ಯಾಪಕರೊಬ್ಬರು ತಮ್ಮ ಶೇ. 20 ದುಡಿಮೆಯನ್ನು ಅಂಥ ಗ್ರಾಂಟಿಗೆ ಕೊಟ್ಟರೆ ಅದರ ನಿಜವಾದ ಬೆಲೆ 60,000 ಡಾಲರ್. ಎನ್‌ಐಎಚ್‌ನಿಂದ ಪಡೆಯಬಹುದಾದದ್ದು 45,140 ಮಾತ್ರ. ಉಳಿದ 14,860 ಡಾಲರನ್ನು ವಿಶ್ವವಿದ್ಯಾಲಯ ತನ್ನ ಜೇಬಿನಿಂದ ಭರಿಸಬೇಕು. ಆದ್ದರಿಂದ ಗ್ರಾಂಟಿನ ಸಾಲಿನಲ್ಲಿ ಸುಮಾರು ಶೇ. 15, ಅದರ ಕೆಳಗೆ ಕಾಸ್ಟ್ ಶೇರ್ ಎಂಬ ಸಾಲಿನಲ್ಲಿ ಸುಮಾರು ಶೇ. 5 ಎಂದು ತೋರಿಸುತ್ತದೆ. ಹಿಂದೆ ಕಾಗದದ ನಮೂನೆಯಲ್ಲಿ ಈ ಎರಡನೆಯ ಸಾಲನ್ನು ನಾವೇ ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆವು. ಈಗ ಅದು ತಾನಾಗಿಯೇ ಬರುತ್ತದೆ, ತಪ್ಪಿದ್ದನ್ನು ನಾನು ಈವರೆಗೆ ನೋಡಿಲ್ಲ. ಆದರೆ ಆ ಸಾಲಿನ ಅರ್ಥವನ್ನು ಎಲ್ಲಿಯೂ ವಿವರಿಸದೆ ಇರುವುದರಿಂದ, "ನಾನು ಕೆಲಸ ಮಾಡಿದ್ದು 20, ಇಲ್ಲಿ 15 ಇದೆ" ಎಂದು ಪ್ರತಿ ಅವಧಿಯಲ್ಲೂ ಯಾರಾದರೂ ಅದನ್ನು ತಿದ್ದಲು ಹೊರಡುತ್ತಾರೆ.

ಅರ್ಜಿಯಲ್ಲಿ ಮಾತು ಕೊಟ್ಟ ಪಾಲನ್ನು ಪ್ರತ್ಯೇಕ ಅಂಕಣದಲ್ಲಿ ತೋರಿಸುವುದೂ ಒಳ್ಳೆಯದೇ. ಪ್ರಮುಖ ಸಂಶೋಧಕರು ತಾವು ಒಪ್ಪಿದ ದುಡಿಮೆಯನ್ನು ಶೇ. 25ರಷ್ಟು ಅಥವಾ ಅದಕ್ಕಿಂತ ಹೆಚ್ಚು ತಗ್ಗಿಸಬೇಕಾದರೆ ಎನ್‌ಐಎಚ್‌ನ ಪೂರ್ವಾನುಮತಿ ಬೇಕು. ಇದನ್ನು ನೂರರಲ್ಲಿ 25 ಅಂಶ ಎಂದುಕೊಳ್ಳುವವರೇ ಹೆಚ್ಚು. ಒಪ್ಪಿದ್ದು 20 ಆಗಿದ್ದರೆ 15ಕ್ಕೆ ಇಳಿದಾಗಲೇ ಅನುಮತಿ ಬೇಕಾಗುತ್ತದೆ. ನಮ್ಮ ವ್ಯವಸ್ಥೆ ಆ ಹಂತದಲ್ಲಿ ಹಳದಿ ಗುರುತು ತೋರಿಸುತ್ತದೆ, ರುಜು ಹಾಕುವುದನ್ನು ಮಾತ್ರ ತಡೆಯುವುದಿಲ್ಲ.

ಉಳಿದಂತೆ ನೆನಪೋಲೆಗಳು ಅತಿಯಾಗಿವೆ. ವಾರಕ್ಕೆ ಎರಡರಂತೆ ಬರುವ ಇಮೇಲುಗಳನ್ನು ಜನ ತೆರೆಯದೆಯೇ ಅಳಿಸುತ್ತಾರೆ. ಟಿಪ್ಪಣಿ ಬರೆಯುವ ಜಾಗ ತೆರೆಯುವುದು ಅಂಕಿ ಬದಲಿಸಿದರೆ ಮಾತ್ರ. ಸಹಾಯವಾಣಿಯವರು ಸೌಜನ್ಯದಿಂದ ಮಾತಾಡುತ್ತಾರೆ, ಮರುದಿನವೇ ಉತ್ತರ ಕೊಡುತ್ತಾರೆ. ಅವರಿಗೆ ಪೂರ್ತಿ ಅಂಕ.

ವಿಶ್ವವಿದ್ಯಾಲಯ ಈಗ ಇನ್ನೊಂದು ವಿಧಾನದತ್ತ ಹೊರಳುವ ಯೋಚನೆಯಲ್ಲಿದೆ. ವ್ಯಕ್ತಿಗೊಂದು ಪತ್ರ ಬೇಡ; ಪ್ರತಿ ಪ್ರಾಜೆಕ್ಟಿಗೆ ವರ್ಷಕ್ಕೊಮ್ಮೆ, ಆ ಖಾತೆಯಿಂದ ಸಂಬಳ ಪಡೆದ ಎಲ್ಲರ ಪಟ್ಟಿಯನ್ನು ನೋಡಿ, ಮಾಡಿದ ಕೆಲಸಕ್ಕೆ ಈ ಮೊತ್ತ ಸಮಂಜಸವಾಗಿದೆ ಎಂದು ಪ್ರಧಾನ ಸಂಶೋಧಕರೇ ದೃಢೀಕರಿಸಿದರೆ ಸಾಕು. ಜಾರ್ಜ್ ಮೇಸನ್, ಮಿಷಿಗನ್ ಟೆಕ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಮತ್ತು ರಿವರ್‌ಸೈಡ್ ಕ್ಯಾಂಪಸ್‌ಗಳು ಇದನ್ನು ಮೊದಲು ಪ್ರಾಯೋಗಿಕವಾಗಿ ನಡೆಸಿ ನೋಡಿದ್ದವು. ಶೇಕಡಾವಾರಿನ ಬದಲು ಡಾಲರ್ ಲೆಕ್ಕ ಇರುವುದರಿಂದ ನಮ್ಮ ಪ್ರಾಧ್ಯಾಪಕರಿಗೆ ಅದು ಬೇಗ ಅರ್ಥವಾದೀತು, ಬೇರೆ ಪ್ರಾಜೆಕ್ಟಿಗೆ ಹೋದ ತಂತ್ರಜ್ಞನ ಹೆಸರು ಪಟ್ಟಿಯಲ್ಲಿ ಕಂಡರೆ ಯಾರಾದರೂ "ಇವನು ಇನ್ನೂ ಇಲ್ಲೇಕೆ ಇದ್ದಾನೆ?" ಎಂದು ಕೇಳದೆ ಇರಲಾರರು. ಆದರೆ ವರ್ಷಕ್ಕೊಮ್ಮೆ ಎಂದರೆ ಹನ್ನೆರಡು ತಿಂಗಳ ನೆನಪು. ಆರು ತಿಂಗಳದ್ದೇ ನೆನಪಿರದವರನ್ನು ನಾನು ನೋಡಿದ್ದೇನೆ.

ಸದ್ಯದ ವ್ಯವಸ್ಥೆಗೆ ನಾನು 5ರಲ್ಲಿ 3 ಅಂಕ ಕೊಡುತ್ತೇನೆ. ದೃಢೀಕರಣದ ಅಂಕಣವನ್ನು ಖಾಲಿ ಬಿಟ್ಟು, ಅಂಕಿಯನ್ನು ರುಜು ಹಾಕುವವರೇ ತುಂಬುವಂತೆ ಮಾಡಿದರೆ ಇನ್ನೊಂದು ಅಂಕ ಸೇರಿಸಲು ಸಿದ್ಧಳಿದ್ದೇನೆ. ಈ ಬೇಡಿಕೆಯನ್ನು ಮೂರು ಬಾರಿ ಬರೆದು ಕಳುಹಿಸಿದ್ದೂ ಆಗಿದೆ. ಅಲ್ಲಿಯವರೆಗೆ ದೃಢೀಕರಣದ ಅವಧಿ ಆರಂಭವಾಗುವ ಒಂದು ವಾರ ಮೊದಲೇ ಪ್ರತಿಯೊಬ್ಬರಿಗೂ ಒಂದು ಖಾಲಿ ಚೀಟಿ ಕಳುಹಿಸುತ್ತೇನೆ: ಪ್ರಾಜೆಕ್ಟುಗಳ ಹೆಸರು ಮಾತ್ರ ಇರುತ್ತದೆ, ಅಂಕಿ ಇರುವುದಿಲ್ಲ. ತುಂಬಿ ಬಂದ ಚೀಟಿಯನ್ನು ಪರದೆಯ ಪಕ್ಕದಲ್ಲಿಟ್ಟು ನೋಡುತ್ತೇನೆ. ಕಳೆದ ಅವಧಿಯಲ್ಲಿ 31 ಚೀಟಿಗಳು ವಾಪಸು ಬಂದವು. ಅವುಗಳಲ್ಲಿ ನಾಲ್ಕು ಪರದೆಗೆ ತಾಳೆಯಾಗಲಿಲ್ಲ.