ಡೆಬಿಯನ್ ಸ್ಟೇಬಲ್ ಜೊತೆಗೆ ಟೆಸ್ಟಿಂಗ್: ಆಪ್ಟ್ ಪಿನ್ನಿಂಗ್ ಎಷ್ಟು ಉಪಯುಕ್ತ?

2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 13 (ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಸ್ಟೇಬಲ್, ಅಂದರೆ ಸ್ಥಿರ ಆವೃತ್ತಿ) ದಿನನಿತ್ಯದ ಕೆಲಸಕ್ಕೆ ಗಟ್ಟಿಯಾದ ವ್ಯವಸ್ಥೆ. ಒಂದೆರಡು ತಂತ್ರಾಂಶಗಳ ಹೊಸ ಆವೃತ್ತಿ ಬೇಕೆನ್ನುವವರು ಮುಂದಿನ ಬಿಡುಗಡೆ ಸಿದ್ಧವಾಗುವ ಟೆಸ್ಟಿಂಗ್ ಭಂಡಾರವನ್ನೂ ಸೇರಿಸಿಕೊಳ್ಳಲು, ಪ್ಯಾಕೇಜುಗಳನ್ನು ಹಾಕಿಕೊಡುವ ಆಪ್ಟ್ ಎಂಬ ಸಾಧನದಲ್ಲಿ ಪಿನ್ನಿಂಗ್ ಎಂಬ ಸೌಲಭ್ಯವಿದೆ: ಯಾವ ಭಂಡಾರಕ್ಕೆ ಎಷ್ಟು ಆದ್ಯತೆ ಎಂದು ಅಂಕಿಯಲ್ಲಿ ಹೇಳುವುದು.

ಸಾಮಾನ್ಯ ಭಂಡಾರಗಳ ಆದ್ಯತೆ 500 ಇರುತ್ತದೆ. ಪ್ರಿಫರೆನ್ಸಸ್ ಕಡತದಲ್ಲಿ ಟೆಸ್ಟಿಂಗ್‌ಗೆ 100 ಎಂದು ಬರೆದರೆ, ಸ್ಟೇಬಲ್‌ನಲ್ಲಿರುವ ಪ್ಯಾಕೇಜುಗಳು ಅಲ್ಲಿಂದಲೇ ಬರುತ್ತವೆ; ನಾವು ಕೇಳಿ ಟೆಸ್ಟಿಂಗ್‌ನಿಂದ ಹಾಕಿಕೊಂಡದ್ದು ಮುಂದೆಯೂ ಟೆಸ್ಟಿಂಗ್‌ನಿಂದಲೇ ಅಪ್‌ಡೇಟ್ ಆಗುತ್ತದೆ. ಈ ವಿನ್ಯಾಸ ನಿಜಕ್ಕೂ ಅಚ್ಚುಕಟ್ಟಾಗಿದೆ.

ತೊಡಕಿರುವುದು ಅವಲಂಬನೆಗಳಲ್ಲಿ, ಅಂದರೆ ಒಂದು ಪ್ಯಾಕೇಜ್ ಓಡಲು ಬೇಕಾಗುವ ಇತರ ಪ್ಯಾಕೇಜುಗಳಲ್ಲಿ. ಚಿಕ್ಕದೊಂದು ಸಂಪಾದಕವನ್ನು ಕೇಳಿದರೂ ಅದು ಹೊಸ ಗ್ಲಿಬ್‌ಸಿಯನ್ನು (ತಂತ್ರಾಂಶಗಳು ನೆಚ್ಚಿರುವ ಮೂಲ ಸಿ ಲೈಬ್ರರಿಯನ್ನು) ಬೇಡಬಹುದು. ಗ್ಲಿಬ್‌ಸಿ ಬದಲಾದರೆ ಯಂತ್ರದ ಬಹುಪಾಲು ತಂತ್ರಾಂಶಗಳು ಅದರ ಮೇಲೆಯೇ ಓಡಬೇಕಾಗುತ್ತದೆ, ಮತ್ತು ಹಳೆಯ ಆವೃತ್ತಿಗೆ ಮರಳುವುದನ್ನು ಡೆಬಿಯನ್ ಬೆಂಬಲಿಸುವುದಿಲ್ಲ. ಡೆಬಿಯನ್ ಬಳಗವೇ ಇಂಥ ಮಿಶ್ರಣವನ್ನು, ಬಿಡಿಭಾಗಗಳನ್ನು ಹೊಲಿದು ಮಾಡಿದ ಫ್ರಾಂಕನ್‌ಸ್ಟೈನ್ ಕಥೆಯ ಜೀವಿಗೆ ಹೋಲಿಸಿ, ‘ಫ್ರಾಂಕನ್‌ಡೆಬಿಯನ್’ ಎಂದು ಹಾಸ್ಯ ಮಾಡುವುದು ಸುಮ್ಮನೆ ಅಲ್ಲ. ಭದ್ರತೆಯ ವಿಷಯದಲ್ಲೂ ಟೆಸ್ಟಿಂಗ್ ಹಿಂದೆ ಬೀಳುತ್ತದೆ: ಅಲ್ಲಿನ ತಿದ್ದುಪಡಿಗಳು ಬಹುಮಟ್ಟಿಗೆ, ಹೊಸ ಪ್ಯಾಕೇಜುಗಳು ಮೊದಲು ಸೇರುವ ಅನ್‌ಸ್ಟೇಬಲ್ ಭಂಡಾರದಿಂದ ಇಳಿದು ಬರುವವರೆಗೆ ಕಾಯಬೇಕು.

ಹಾಗಾಗಿ ನನ್ನ ಮೊದಲ ಆಯ್ಕೆ ಬ್ಯಾಕ್‌ಪೋರ್ಟ್ಸ್ ಎಂಬ ಡೆಬಿಯನ್‌ನದೇ ಭಂಡಾರ. ಟೆಸ್ಟಿಂಗ್‌ನ ಪ್ಯಾಕೇಜನ್ನು ಸ್ಟೇಬಲ್‌ನ ಲೈಬ್ರರಿಗಳ ಮೇಲೆಯೇ ಮರುಸಂಕಲಿಸಿ ಕೊಡುವುದರಿಂದ ಗ್ಲಿಬ್‌ಸಿಯ ತಂಟೆಯೇ ಬರುವುದಿಲ್ಲ, ಆದರೆ ಬೇಕಾದದ್ದೆಲ್ಲ ಅಲ್ಲಿ ಸಿಗುವುದಿಲ್ಲ. ಸಿಗದಿದ್ದಾಗ ಪಿನ್ನಿಂಗ್‌ಗೆ ಹೋಗಬಹುದು. ಅದಕ್ಕೂ ಮುನ್ನ ಆಪ್ಟ್‌ನ ಸಿಮ್ಯುಲೇಟ್ ಆಯ್ಕೆಯಿಂದ (ಏನನ್ನೂ ಬದಲಿಸದೆ, ಏನೇನು ಬದಲಾಗುತ್ತದೆಂದು ತೋರಿಸುವುದು) ಪಟ್ಟಿಯನ್ನು ಓದಿ, ಅದರಲ್ಲಿ ಲಿಬ್‌ಸಿ6 (ಗ್ಲಿಬ್‌ಸಿಯ ಪ್ಯಾಕೇಜ್) ಅಥವಾ ಹಲವು ಪ್ಯಾಕೇಜುಗಳು ನೆಚ್ಚುವ ಪರ್ಲ್ ಭಾಷೆ ಕಂಡರೆ ಅಲ್ಲಿಗೇ ಕೈಬಿಡುವುದು ಲೇಸು.