ಡೋಸಟ್ರಾನ್ ಡಿ25ಆರ್‌ಇ2: ನೀರು ಹರಿದಷ್ಟೇ ಗೊಬ್ಬರ

ಪಾಲಿಹೌಸ್‌ನ ರಸಾವರಿಗೆ, ಅಂದರೆ ನೀರಿನ ಜೊತೆಗೇ ಗೊಬ್ಬರ ಉಣಿಸಲು, ವೆಂಚುರಿ (ಪೈಪಿನ ಕಿರಿದಾದ ಕಂಠದಲ್ಲಿ ನೀರು ರಭಸದಿಂದ ಹರಿದು ಗೊಬ್ಬರ ಎಳೆಯುವ ಸಾಧನ) ಅಗ್ಗ, ನಿಜ. ಆದರೆ ಲೈನಿನ ಒತ್ತಡ ಏರಿಳಿದಂತೆ ಅದು ಎಳೆಯುವ ಗೊಬ್ಬರವೂ ಹೆಚ್ಚು ಕಡಿಮೆಯಾಗುತ್ತದೆ. ಡೋಸಟ್ರಾನ್ ಎಂಬ ಈ ಗೊಬ್ಬರ ಬೆರೆಸುವ ಪಂಪ್ ಹಾಗಲ್ಲ. ಹರಿಯುವ ನೀರೇ ಪಿಸ್ಟನ್ ತಳ್ಳುತ್ತದೆ, ಪ್ರತಿ ಹೊಡೆತಕ್ಕೂ ನಿಗದಿತ ದ್ರಾವಣ ಒಳಬರುತ್ತದೆ. ಒಂದು ಗೇಟ್‌ವಾಲ್ವ್ ಮುಚ್ಚಿ ನೀರು ಅರ್ಧವಾದರೆ ಗೊಬ್ಬರವೂ ಅರ್ಧ. ಕರೆಂಟ್ ಬೇಡ. ಒತ್ತಡ 0.3ರಿಂದ 6 ಬಾರ್, ಹರಿವು ಗಂಟೆಗೆ 10ರಿಂದ 2,500 ಲೀಟರ್, ನೀರಿಗೆ ಬೆರೆಯುವ ದ್ರಾವಣದ ಪ್ರಮಾಣ ಶೇ. 0.2ರಿಂದ 2.

ಪಂಪಿನ ಮೇಲಿನ ಪ್ರಮಾಣದ ಸ್ಕೇಲನ್ನೇ ನಂಬಿ ಕೂರಬೇಡಿ. ಶೇ. 1ಕ್ಕೆ ಇಟ್ಟು, ದ್ರಾವಣ ಎಳೆಯುವ ಸಕ್ಷನ್ ಪೈಪನ್ನು ಅಳತೆ ಜಾಡಿಗೆ ಇಳಿಬಿಟ್ಟು 100 ಲೀಟರ್ ನೀರು ಹರಿಸಿ. ಜಾಡಿಯಲ್ಲಿ 1 ಲೀಟರ್ ಇಳಿಯಬೇಕು. ಪಿಸ್ಟನ್ನಿನ ಟಿಕ್‌ಟಿಕ್ ಸದ್ದು ಸರಿಯಾಗಿ ಬರುತ್ತಿದ್ದರೂ ಕಡಿಮೆ ಇಳಿದರೆ, ಪೈಪಿನಲ್ಲಿ ಗಾಳಿ ಸೇರುತ್ತಿದೆ, ಇಲ್ಲವೇ ಸೀಲ್ ಸವೆದಿದೆ. ಬೋರ್‌ವೆಲ್ ಮರಳು ಸೀಲಿಗೆ ಶತ್ರು. ನೀರು ಒಳಬರುವ ಕಡೆ ಫಿಲ್ಟರ್ ಇಲ್ಲದೆ ಪಂಪ್ ಕೂರಿಸಲೇಬೇಡಿ. ಸಕ್ಷನ್ ತುದಿ ಗೊಬ್ಬರದ ಟ್ಯಾಂಕಿನ ತಳಕ್ಕಿಂತ ಸುಮಾರು 10 ಸೆಂ.ಮೀ. ಮೇಲಿರಲಿ. ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಸಲ್ಫೇಟ್, ಫಾಸ್ಫೇಟ್ ಒಂದೇ ಟ್ಯಾಂಕಿಗೆ ಹಾಕಿದರೆ ಗಸಿ ಕಟ್ಟಿ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ. ಕೆಲಸ ಮುಗಿದ ಮೇಲೆ ಶುದ್ಧ ನೀರು ಎಳೆಸಿ.

ಬೆಲೆ ವೆಂಚುರಿಯ ಹಲವು ಪಟ್ಟು. ಒಂದೇ ಲೈನಿನಿಂದ ಬೇರೆ ಬೇರೆ ಗಾತ್ರದ ಬ್ಲಾಕ್‌ಗಳಿಗೆ ಉಣಿಸುವವರು ಧೈರ್ಯವಾಗಿ ಕೊಳ್ಳಬಹುದು. ಒಂದೇ ಬ್ಲಾಕ್, ಒತ್ತಡವೂ ಸ್ಥಿರ ಎನ್ನುವವರಿಗೆ ವೆಂಚುರಿಯೇ ಸಾಕು.