ತೊಡೆಸಂದಿನ ಹರ್ನಿಯಾ: ತೆರೆದ ಶಸ್ತ್ರಚಿಕಿತ್ಸೆಯೋ, ಲ್ಯಾಪರೋಸ್ಕೋಪಿಯೋ?

ತೊಡೆಸಂದಿನ ಹರ್ನಿಯಾಕ್ಕೆ ಯಾವ ಶಸ್ತ್ರಚಿಕಿತ್ಸೆ ಎಂದು ಯೋಚಿಸುತ್ತಿರುವವರು ಗಾಯದ ಉದ್ದ, ಖರ್ಚುಗಳ ಜೊತೆಗೆ ನರಗಳ ಬಗ್ಗೆಯೂ ವೈದ್ಯರನ್ನು ಕೇಳಬೇಕು. 3 ತಿಂಗಳು ಕಳೆದರೂ ಉಳಿಯುವ ನೋವಿಗೆ ನರಕ್ಕಾದ ಪೆಟ್ಟು ಒಂದು ಮುಖ್ಯ ಕಾರಣ.

ತೆರೆದ ವಿಧಾನದಲ್ಲಿ ಮುಂಭಾಗದಿಂದ ಮೆಶ್ (ದುರ್ಬಲ ಜಾಗಕ್ಕೆ ಆಸರೆಯಾಗುವ ಬಲೆ) ಹೊಲಿಯುವಾಗ ಇಲಿಯೋಇಂಗ್ವಿನಲ್, ಇಲಿಯೋಹೈಪೊಗ್ಯಾಸ್ಟ್ರಿಕ್ ನರಗಳು ಹಾಗೂ ಜೆನಿಟೋಫೆಮೊರಲ್ ನರದ ಜನನಾಂಗ ಶಾಖೆ ಎದುರಾಗುತ್ತವೆ. ಇವುಗಳ ದಾರಿ ಎಲ್ಲರಲ್ಲೂ ಒಂದೇ ಅಲ್ಲ: ಮೊದಲೆರಡು ಕೆಲವರಲ್ಲಿ ಒಂದೇ ಕಾಂಡವಾಗಿ ಬರುತ್ತವೆ, ಕೆಲವರಲ್ಲಿ ಇಲಿಯೋಇಂಗ್ವಿನಲ್ ಕಾಣುವುದೇ ಇಲ್ಲ, ಒಬ್ಬರದೇ ದೇಹದ ಎಡ-ಬಲಗಳೂ ಬೇರೆಯಾಗಿರಬಹುದು. ಹೊರಗಿನ ಓರೆ ಸ್ನಾಯುವಿನ ಬಿಳಿ ಪೊರೆಯನ್ನು ಸೀಳುವಾಗ ಅದರ ಅಡಿಯಲ್ಲೇ ನರವಿರಬಹುದಾದ್ದರಿಂದ, ಪುಸ್ತಕದ ಚಿತ್ರವನ್ನಷ್ಟೇ ನಂಬದೆ ಪ್ರತಿಯೊಂದನ್ನೂ ಕಣ್ಣಾರೆ ಗುರುತಿಸುವ ಶಸ್ತ್ರಚಿಕಿತ್ಸಕರೇ ಬೇಕು.

ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪರೋಸ್ಕೋಪಿಯಲ್ಲಿ ಮೆಶ್ ಹೊಟ್ಟೆಯ ಗೋಡೆಯ ಹಿಂದಿನಿಂದ ಕೂರುತ್ತದೆ. ಮೊದಲೆರಡು ನರಗಳು ಬಹುಮಟ್ಟಿಗೆ ದೂರ ಉಳಿಯುತ್ತವೆ, ದೀರ್ಘಕಾಲದ ನೋವೂ ಸಾಮಾನ್ಯವಾಗಿ ಕಡಿಮೆ. ಆದರೆ ಅಲ್ಲಿ ಶಸ್ತ್ರಚಿಕಿತ್ಸಕರು ‘ನೋವಿನ ತ್ರಿಕೋನ’ ಎಂದು ಕರೆಯುವ ಜಾಗದಲ್ಲಿ ತೊಡೆಯ ಹೊರಬದಿಯ ಚರ್ಮಕ್ಕೆ ಹೋಗುವ ನರವಿದ್ದು, ಅದರ ಕವಲುಗಳು ಎಲ್ಲೆಲ್ಲಿ ಹಾದಿರುತ್ತವೆಂದು ಮೊದಲೇ ಹೇಳಲಾಗದು, ಅಲ್ಲಿ ಟ್ಯಾಕ್ (ಮೆಶ್ ಹಿಡಿದಿಡುವ ಸಣ್ಣ ಮೊಳೆ) ಹೊಡೆದರೆ ತೊಡೆಯಲ್ಲಿ ಉರಿ, ಜೋಮು ಉಳಿದುಬಿಡಬಹುದು.

ಸಾಮಾನ್ಯ ಅರಿವಳಿಕೆ ತಾಳಬಲ್ಲವರಿಗೆ, ಅದರಲ್ಲೂ ಎರಡೂ ಬದಿ ಹರ್ನಿಯಾ ಇದ್ದವರಿಗೆ, ಅನುಭವಿಗಳು ಮಾಡುವ ಲ್ಯಾಪರೋಸ್ಕೋಪಿಯೇ ಮೇಲೆಂದು ನನ್ನ ಅಭಿಪ್ರಾಯ. ಹೃದಯ, ಶ್ವಾಸಕೋಶ ದುರ್ಬಲವಾಗಿರುವ ಹಿರಿಯರಿಗೆ ಸ್ಥಳೀಯ ಅರಿವಳಿಕೆಯಲ್ಲಿ ಮುಗಿಯುವ ತೆರೆದ ವಿಧಾನವೇ ಸೂಕ್ತ.